ಸಂಜೆ ಆರಕ್ಕೆ ಬಾಗಿಲು ಹಾಕುವ ಗ್ಯಾಲರಿ ಯಾರಿಗಾಗಿ ತೆರೆದಿರುತ್ತದೆ?

ಹೋದ ಶುಕ್ರವಾರ ನನ್ನ ಗೆಳತಿಯ ಚಿತ್ರ ಪ್ರದರ್ಶನದ ಕೊನೆಯ ದಿನ. ಕಚೇರಿಯಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸಿ, ಬಸ್ಸಿನಿಂದಿಳಿದು, ಹಳೆಯ ಪೇಟೆಯ ಆ ಕಟ್ಟಡದ ಮರದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಮೇಲೆ ಹೋದಾಗ ಗಂಟೆ ಆರು ದಾಟಿ ಎಂಟು ನಿಮಿಷವಾಗಿತ್ತು. ಕಾವಲಿನ ಹಿರಿಯರು ಕೋಣೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಿದ್ದರು. "ನಾಳೆ ಬನ್ನಿ ಅಮ್ಮ" ಎಂದರು. ನಾಳೆ ಆ ಗೋಡೆಗಳ ಮೇಲೆ ಚಿತ್ರಗಳೇ ಇರುವುದಿಲ್ಲ ಎಂಬುದು ಅವರಿಗೂ ಗೊತ್ತು. ಪಾಪ, ರೂಢಿಯ ಮಾತು ಬಾಯಿಗೆ ಬಂದುಬಿಟ್ಟಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಮನೆಗೆ ಹೋಗುವ ಬಸ್ಸು ಹಿಡಿಯಬೇಕು.

ನನ್ನ ಹಿಂದೆಯೇ ಇನ್ನಿಬ್ಬರು ಮೆಟ್ಟಿಲು ಹತ್ತಿ ಬಂದರು. ಒಬ್ಬಾಕೆ ಆಸ್ಪತ್ರೆಯ ಸಮವಸ್ತ್ರದ ಮೇಲೆ ಸ್ವೆಟರ್ ತೊಟ್ಟಿದ್ದರು, ಜೊತೆಯಲ್ಲಿ ಶಾಲೆಯ ಚೀಲ ಹೊತ್ತ ಮಗಳು. ಹುಡುಗಿ ಅರೆ ಮುಚ್ಚಿದ ಬಾಗಿಲಿನ ಸಂದಿಯಿಂದ ಇಣುಕಿ, ದೀಪ ಇನ್ನೂ ಉರಿಯುತ್ತಿದ್ದ ಮೂಲೆಯಲ್ಲಿದ್ದ ಒಂದು ಚಿತ್ರವನ್ನು ನೋಡುತ್ತಿದ್ದಳು. ಆ ದೀಪವೂ ಆರಿತು. ಮೂವರೂ ಮಾತಿಲ್ಲದೆ ಕೆಳಗಿಳಿದೆವು. ಬೀದಿಯಲ್ಲಿ ನೋಡಿದರೆ ಆಗಷ್ಟೇ ದಿನ ಶುರುವಾದಂತಿತ್ತು. ಅಂಗಡಿಗಳ ದೀಪ ಹತ್ತಿತ್ತು, ಕೆಲಸ ಬಿಟ್ಟವರು ಗುಂಪುಗುಂಪಾಗಿ ಬರುತ್ತಿದ್ದರು, ಎದುರಿನ ಮಹಡಿಯ ಬಾರಿನಲ್ಲಿ ಯಾರೋ ಮೈಕು ಸರಿಪಡಿಸುತ್ತಿದ್ದರು. ಇಡೀ ಬೀದಿ ಎದ್ದು ಕೂರುವ ಹೊತ್ತಿಗೆ ಸರಿಯಾಗಿ ಚಿತ್ರಗಳ ಕೋಣೆಯೊಂದು ಮಲಗಿತ್ತು.

ಅಂದಿನಿಂದ ಈ ಬರಹ ತಲೆಯಲ್ಲಿ ಕೊರೆಯುತ್ತಿದೆ. ಹಳೆಯ ಪೇಟೆಗಳ ರಾತ್ರಿಯ ಬಗ್ಗೆ ನಾವು ಆಡುವ ಮಾತೆಲ್ಲ ಕುಡಿತ, ಗದ್ದಲ, ಪೊಲೀಸರ ಸುತ್ತಲೇ ಗಿರಕಿ ಹೊಡೆಯುತ್ತದೆ. ರಾತ್ರಿಯನ್ನು ಕುಡಿತಕ್ಕೆ ಒಪ್ಪಿಸಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ನಾವೇ ಒಪ್ಪಿಸಿದ್ದೇವೆ ಎನ್ನುತ್ತೇನೆ. ಸಂಜೆ ಆರರ ಮೇಲೆ ಆ ಬೀದಿಗಳಲ್ಲಿ ಕುಡಿಯದವರಿಗೆ, ಕೊಳ್ಳದವರಿಗೆ, ಸುಮ್ಮನೆ ಒಂದು ಗಂಟೆ ಕಣ್ಣಿಗೆ ಹಬ್ಬವಾಗಲಿ ಎಂದು ಬಂದವರಿಗೆ ಒಂದು ಬಾಗಿಲೂ ತೆರೆದಿರುವುದಿಲ್ಲ.

ಬೆಳಗ್ಗೆ ಹತ್ತರಿಂದ ಸಂಜೆ ಆರು. ಈ ಹೊತ್ತಿನಲ್ಲಿ ಬಿಡುವಾಗಿರುವವರು ಯಾರು? ನಿವೃತ್ತರು, ಕೆಲವು ವಿದ್ಯಾರ್ಥಿಗಳು, ಇತರ ಕಲಾವಿದರು, ಕೊಳ್ಳುವ ಶಕ್ತಿಯಿರುವ ಕೆಲವರು. ಅವರೆಲ್ಲ ಬರಲಿ, ಸಂತೋಷ. ಆದರೆ ದುಡಿಯುವ ಜನರ ಕೆಲಸದ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು, ಅವರು ಬಿಡುವಾಗುವ ಹೊತ್ತಿಗೆ ಮುಚ್ಚಿ, ಆಮೇಲೆ "ಜನರಿಗೆ ಕಲೆಯ ಅಭಿರುಚಿಯಿಲ್ಲ" ಎಂದು ಕೊರಗುವುದು ಅನ್ಯಾಯ. ಈ ಕೊರಗನ್ನು ನಾನು ಎಷ್ಟು ಉದ್ಘಾಟನಾ ಭಾಷಣಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಉದ್ಘಾಟನೆಯಾದರೂ ಹೇಗಿರುತ್ತದೆ? ಒಂದು ಸಂಜೆ ಕೋಣೆ ತುಂಬ ಜನ, ಎಲ್ಲರ ಬೆನ್ನೂ ಗೋಡೆಗೆ. ಚಿತ್ರ ನೋಡಬೇಕೆಂದರೆ ಒಬ್ಬರ ಹೆಗಲ ಮೇಲಿಂದ ಇಣುಕಬೇಕು. ಮರುದಿನದಿಂದ ಅದೇ ಕೋಣೆಯಲ್ಲಿ ಕಲಾವಿದೆ ಒಬ್ಬಳೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾಳೆ.

ಇದು ಇಂದಿನ ತಕರಾರಲ್ಲ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯ 1857ರಲ್ಲಿ ಬಾಗಿಲು ತೆರೆಯಿತು. ಇಂದು ಅದನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂದು ಕರೆಯುತ್ತಾರೆ. ಅದನ್ನು ಕಟ್ಟಿ ನಡೆಸಿದ ಹೆನ್ರಿ ಕೋಲ್ ಅವರಿಗೆ ಇದ್ದದ್ದು ಇದೇ ಚಿಂತೆ: ಹಗಲೆಲ್ಲ ದುಡಿಯುವವನು ಇಲ್ಲಿಗೆ ಬರುವುದು ಯಾವಾಗ? ಹಾಗಾಗಿ ಗ್ಯಾಸ್ ದೀಪ ಹಾಕಿಸಿ ಸಂಜೆಯ ಹೊತ್ತೂ ತೆರೆದಿಟ್ಟರು. ಆ ಕಾಲಕ್ಕೆ ಅದು ಸಣ್ಣ ಸಾಹಸವೇನಲ್ಲ. ಗ್ಯಾಸ್ ದೀಪದ ಹೊಗೆ ಮತ್ತು ಕಾವಿಗೆ ಚಿತ್ರಗಳು ಹಾಳಾಗುತ್ತವೆ ಎಂಬ ಆಕ್ಷೇಪ ಎದ್ದಿತು. ಆಗ ಅವರು ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆ. ಆಕ್ಷೇಪವನ್ನು ತಳ್ಳಿಹಾಕಲಿಲ್ಲ, ಹೆದರಿ ಬಾಗಿಲನ್ನೂ ಮುಚ್ಚಲಿಲ್ಲ. ವಿಚಾರಿಸಿ ಹೇಳಿ ಎಂದು ತಜ್ಞರನ್ನು ಕೂರಿಸಿದರು. 1859ರ ಆ ಸಮಿತಿಯಲ್ಲಿ ಇದ್ದವರಲ್ಲಿ ಇಬ್ಬರು ಯಾರು ಗೊತ್ತೇ? ವಿಜ್ಞಾನಿಗಳಾದ ಮೈಕೆಲ್ ಫ್ಯಾರಡೆ ಮತ್ತು ಜಾನ್ ಟಿಂಡಾಲ್! ಗಾಳಿಯಾಟ ಚೆನ್ನಾಗಿದ್ದು, ಸರಿಯಾಗಿ ನೋಡಿಕೊಂಡರೆ ಗ್ಯಾಸ್ ಬೆಳಕಿನಲ್ಲಿ ಚಿತ್ರಗಳನ್ನು ತೋರಿಸಲು ಅಡ್ಡಿಯಿಲ್ಲ ಎಂಬುದು ಅವರ ತೀರ್ಮಾನದ ಸಾರ. ವಿದ್ಯುತ್ತಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಹೆಸರಿನ ಫ್ಯಾರಡೆಯವರು, ಕೂಲಿಯವರು ರಾತ್ರಿ ಚಿತ್ರ ನೋಡಬಹುದೇ ಎಂಬ ಪ್ರಶ್ನೆಗೆ ಕುಳಿತು ಉತ್ತರ ಹುಡುಕಿದರು. ನಮ್ಮ ಕೈಯಲ್ಲಿ ಎಲ್‌ಇಡಿ ದೀಪವಿದೆ, ಗುಂಡಿ ಒತ್ತಿದರೆ ಉರಿಯುತ್ತದೆ, ಆದರೂ ಆರಕ್ಕೆ ಬೀಗ.

ಬೆಳಕಿನ ಮಾತು ಬಂದದ್ದರಿಂದ ಇನ್ನೊಂದು ನೆಪವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. "ಹೆಚ್ಚು ಹೊತ್ತು ತೆರೆದಿಟ್ಟರೆ ಚಿತ್ರಗಳ ಬಣ್ಣ ಮಾಸುತ್ತದೆ" ಎನ್ನುತ್ತಾರೆ. ಬಣ್ಣ ಮಾಸುವುದು ನಿಜ. ಜಲವರ್ಣ, ಬಟ್ಟೆ, ಕಾಗದದಂಥ ಸೂಕ್ಷ್ಮ ವಸ್ತುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರಬಾರದು, ತೈಲವರ್ಣಕ್ಕೆ 200ರ ಆಸುಪಾಸು ಎಂಬುದು ಸಂಗ್ರಹಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ಲೆಕ್ಕ. ಬೆಳಕಿನ ಹಾನಿ ಕೂಡುತ್ತ ಹೋಗುವಂಥದ್ದು: ಎಷ್ಟು ಬೆಳಕು, ಎಷ್ಟು ಹೊತ್ತು, ಎರಡನ್ನೂ ಗುಣಿಸಬೇಕು. 50 ಲಕ್ಸ್‌ನಲ್ಲಿ ಎಂಟು ಗಂಟೆ ಇಟ್ಟರೆ 400 ಲಕ್ಸ್-ಗಂಟೆ. ಹತ್ತರಿಂದ ಆರರವರೆಗೆ ಇಟ್ಟರೂ ಅಷ್ಟೇ, ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತರವರೆಗೆ ಇಟ್ಟರೂ ಅಷ್ಟೇ. ಹಾಗೆ ನೋಡಿದರೆ ಸೂರ್ಯ ಮುಳುಗಿದ ಮೇಲೆ ಕಿಟಕಿಯಿಂದ ಬರುವ ಬಿಸಿಲಿನ ಕಾಟವಾದರೂ ತಪ್ಪುತ್ತದೆ. ಇನ್ನೂ ನಾಲ್ಕು ಗಂಟೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ಎಂಟು ಗಂಟೆಯನ್ನು ಆಚೆಗೆ ಸರಿಸಿ, ಅಷ್ಟೇ. ಕಾವಲಿನವರ ಕೆಲಸದ ಅವಧಿಯೂ ಹೆಚ್ಚುವುದಿಲ್ಲ. ತಡರಾತ್ರಿ ಮನೆಗೆ ಹೋಗುವ ಅವರಿಗೆ ವಾಹನದ ವ್ಯವಸ್ಥೆಯಾಗಬೇಕು, ಆ ಖರ್ಚನ್ನು ಯಾರೂ ಮರೆಯಬಾರದು.

ಇನ್ನು ಹಳೆಯ ಪೇಟೆಯೇ ಏಕೆ? ಕಲೆಗೂ ರಾತ್ರಿಗೂ ಹಳೆಯ ಕಟ್ಟಡಗಳ ಮೇಲೆ ಇಷ್ಟು ಮೋಹವೇಕೆ? ಕಾರಣ ಬರೀ ಅಂದವಲ್ಲ. ಎತ್ತರದ ಮಾಡು, ಉದ್ದುದ್ದ ಕಿಟಕಿಗಳು, ನಡುವೆ ಕಂಬಗಳು ಕಡಿಮೆಯಿರುವ ವಿಶಾಲವಾದ ಕೋಣೆ, ನಡೆದೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಇಕ್ಕಟ್ಟಿನ ಬೀದಿಗಳು. ಎಲ್ಲಕ್ಕಿಂತ ಮುಖ್ಯವಾಗಿ, ವ್ಯಾಪಾರ ಬೇರೆಡೆಗೆ ಹೋಗಿ ಖಾಲಿ ಬಿದ್ದ ಮೇಲ್ಮಹಡಿಗಳ ಕಡಿಮೆ ಬಾಡಿಗೆ. ನ್ಯೂಯಾರ್ಕಿನ ಸೋಹೋದಲ್ಲಿ ಆದದ್ದು ಇದೇ. ಎರಕದ ಕಬ್ಬಿಣದ ಮುಂಭಾಗವಿರುವ ಆ ಕಾರ್ಖಾನೆ ಕಟ್ಟಡಗಳನ್ನು ಸೀಳಿಕೊಂಡು ಹೆದ್ದಾರಿ ಹಾಯಿಸುವ ಯೋಜನೆಯಿತ್ತು. ಜನ ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದರು, 1969ರಲ್ಲಿ ಯೋಜನೆ ಕೈಬಿಟ್ಟರು. ಅಷ್ಟರಲ್ಲಿ ಕಲಾವಿದರು ಖಾಲಿ ಮಹಡಿಗಳಲ್ಲಿ ಕದ್ದುಮುಚ್ಚಿ ವಾಸಕ್ಕಿದ್ದರು. ಕೆಲಸವೂ ಅಲ್ಲೇ, ಮಲಗುವುದೂ ಅಲ್ಲೇ. 1971ರಲ್ಲಿ ನಗರ ಅದನ್ನು ಕಾನೂನುಬದ್ಧಗೊಳಿಸಿತು, 1973ರಲ್ಲಿ ಇಡೀ ಪ್ರದೇಶ ಪಾರಂಪರಿಕ ವಲಯವೆಂದು ಘೋಷಣೆಯಾಯಿತು. ಗ್ಯಾಲರಿಗಳು ಬಂದವು, ಅವನ್ನು ನೋಡಲು ಜನ ಬಂದರು, ಜನರ ಹಿಂದೆ ದುಬಾರಿ ಅಂಗಡಿಗಳು ಬಂದವು. 1990ರ ದಶಕದಲ್ಲಿ ಗ್ಯಾಲರಿಗಳೇ ಬಾಡಿಗೆ ತಾಳಲಾರದೆ ಅದೇ ನಗರದ ಚೆಲ್ಸೀ ಕಡೆಗೆ ಗಂಟುಮೂಟೆ ಕಟ್ಟಿದವು.

ಈ ಕಥೆಯನ್ನು ನೆನೆದಾಗಲೆಲ್ಲ ಹೊಟ್ಟೆಯುರಿಯುತ್ತದೆ. ಪಾಳುಬಿದ್ದ ಬೀದಿಗೆ ಜೀವ ತುಂಬಿದವರೇ ಆ ಜೀವದ ಬೆಲೆ ಏರಿದಾಗ ಹೊರಗೆ. ಕಟ್ಟಡದ ಮುಖವನ್ನು ಕಾಪಾಡಲು ಕಾನೂನು ಮಾಡುತ್ತೇವೆ, ಒಂದು ಕಿಟಕಿಯ ಬಣ್ಣ ಬದಲಿಸಲೂ ಅನುಮತಿ ಬೇಕು. ಒಳಗಿರುವ ಬದುಕನ್ನು ಕಾಪಾಡಲು ಏನೂ ಇಲ್ಲ. ಪಾರಂಪರಿಕ ಕಟ್ಟಡದ ದುರಸ್ತಿಗೆ ಸರ್ಕಾರದ ಹಣ ಪಡೆದ ಮಾಲೀಕರು ಒಂದು ಮಹಡಿಯನ್ನಾದರೂ ಹತ್ತು ವರ್ಷ ಕೈಗೆಟಕುವ ಬಾಡಿಗೆಗೆ ಕಲಾವಿದರಿಗೆ ಬಿಡಬೇಕು ಎಂಬ ಷರತ್ತು ಹಾಕಿದರೆ ತಪ್ಪೇನು? ಸಾರ್ವಜನಿಕರ ಹಣದಲ್ಲಿ ಮಾಡು ಸರಿಹೋದ ಮೇಲೆ ಸಾರ್ವಜನಿಕರಿಗೆ ಒಂದು ಮೆಟ್ಟಿಲಾದರೂ ಸಿಗಲಿ.

"ರಾತ್ರಿ ಉತ್ಸವ ಮಾಡುತ್ತೇವಲ್ಲ" ಎನ್ನುವವರಿದ್ದಾರೆ. ಹೌದು, ಉತ್ಸವಗಳ ಬಗ್ಗೆ ನನಗೆ ಗೌರವವಿದೆ. ಬರ್ಲಿನ್ 1997ರಲ್ಲಿ "ಸಂಗ್ರಹಾಲಯಗಳ ದೀರ್ಘ ರಾತ್ರಿ"ಯನ್ನು ಶುರುಮಾಡಿತು. ಒಂದೇ ಟಿಕೆಟಿನಲ್ಲಿ ಊರಿನ ಹಲವು ಸಂಗ್ರಹಾಲಯಗಳು, ಒಂದರಿಂದ ಇನ್ನೊಂದಕ್ಕೆ ಬಸ್ಸು. ಪ್ಯಾರಿಸ್ಸಿನಲ್ಲಿ 2002ರಲ್ಲಿ "ನ್ವಿ ಬ್ಲಾಂಶ್" ಎಂಬ ರಾತ್ರಿಯಿಡೀ ನಡೆಯುವ ಕಲಾ ಉತ್ಸವ ಆರಂಭವಾಯಿತು. ಅದರ ಮೊದಲ ರಾತ್ರಿಯೇ, ಜನರಿಗಾಗಿ ಬಾಗಿಲು ತೆರೆದಿಟ್ಟ ನಗರಸಭಾ ಭವನದೊಳಗೆ ಮೇಯರ್ ಬೆರ್ಟ್ರಾಂ ಡೆಲಾನೊಯೆ ಅವರಿಗೆ ಒಬ್ಬ ಚಾಕುವಿನಿಂದ ಇರಿದ. ಆಸ್ಪತ್ರೆಗೆ ಒಯ್ಯುವಾಗಲೂ ಕಾರ್ಯಕ್ರಮ ನಿಲ್ಲಬಾರದು ಎಂದರು ಅವರು. ಮರುವರ್ಷವೂ ಉತ್ಸವ ನಡೆಯಿತು, ಇಂದಿಗೂ ನಡೆಯುತ್ತಿದೆ. ಆ ಒಂದು ರಾತ್ರಿಯನ್ನು ನೆಪ ಮಾಡಿಕೊಂಡು ಊರಿನ ಬಾಗಿಲುಗಳನ್ನು ಮುಚ್ಚಿಬಿಡುವುದು ಎಷ್ಟು ಸುಲಭವಿತ್ತು! ಮುಚ್ಚಲಿಲ್ಲ. ಆ ಮನುಷ್ಯನಿಗೆ ನಾನು ಇದೊಂದಕ್ಕೇ ಕೈ ಮುಗಿಯುತ್ತೇನೆ.

ಆದರೆ ವರ್ಷಕ್ಕೊಂದು ರಾತ್ರಿಯ ಜಾತ್ರೆಯಲ್ಲಿ ಚಿತ್ರ ನೋಡಲಾಗುವುದಿಲ್ಲ. ಅಂಥ ಒಂದು ರಾತ್ರಿ ನಾನೂ ಸರದಿಯಲ್ಲಿ ನಿಂತಿದ್ದೇನೆ. ಮುಂದಿನವರ ಮೊಬೈಲ್ ಪರದೆಯಲ್ಲಿ ಶಿಲ್ಪ ನೋಡಿದೆ, ಹಿಂದಿನವರು ತಳ್ಳಿದ್ದರಿಂದ ಹೊರಗೆ ಬಂದೆ. ಕಲೆಗೆ ಬೇಕಾದದ್ದು ವಾರದ ನಡುವಿನ ಒಂದು ಸಾಧಾರಣ ಸಂಜೆ. ನಾಳೆಯೂ ತೆರೆದಿರುತ್ತದೆ ಎಂಬ ಧೈರ್ಯದಲ್ಲಿ ಒಂದೇ ಒಂದು ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಂತು, ಉಳಿದವನ್ನು ಬಿಟ್ಟು ಮನೆಗೆ ಹೋಗುವಂಥ ಸಂಜೆ.

ಅಂಥದೊಂದು ಸಂಜೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರು ವರ್ಷದ ಹಿಂದೆ ಇದೇ ಗೆಳತಿ ಇನ್ನಿಬ್ಬರ ಜೊತೆ ಸೇರಿ ಮಾಡಿದ ಪ್ರದರ್ಶನ. ಚೌಕಟ್ಟುಗಳು ತಡವಾಗಿ ಬಂದವು. ಮಧ್ಯಾಹ್ನಕ್ಕೆ ಆಗಬೇಕಿದ್ದ ಕೆಲಸ ಸಂಜೆ ಏಳಾದರೂ ಮುಗಿದಿರಲಿಲ್ಲ. ನಾವು ಏಣಿ ಹಿಡಿದುಕೊಂಡು, ದಾರ ಕಟ್ಟಿ ಮಟ್ಟ ನೋಡುತ್ತ, ಬಾಗಿಲು ತೆರೆದುಕೊಂಡೇ ಚಿತ್ರ ತೂಗುಹಾಕುತ್ತಿದ್ದೆವು. ಮೆಟ್ಟಿಲಿನ ದೀಪ ಉರಿಯುತ್ತಿದ್ದುದರಿಂದ ಬೀದಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ಹತ್ತಿ ಬಂದರು. ಬರಬಹುದೇ ಎಂದು ಹೊಸಿಲಲ್ಲೇ ನಿಂತು ಕೇಳುತ್ತಿದ್ದರು. ಚಪ್ಪಲಿ ಬಿಡಬೇಕೇ ಎಂದರು ಒಬ್ಬರು.

ಅವರಲ್ಲಿ ಒಬ್ಬ, ನಲವತ್ತರ ಆಸುಪಾಸಿನವರು, ಕೈಯಲ್ಲಿ ಉಪಕರಣಗಳ ಚೀಲ. ಗೆಳತಿಯ ಒಂದು ಜಲವರ್ಣದ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ತಗಡಿನ ಮಾಡೊಂದರ ಚಿತ್ರ ಅದು. ಮಳೆ ನಿಂತ ಮೇಲಿನ ಬೂದು ಬೆಳಕು, ತಗಡಿನ ತಗ್ಗುಗಳಲ್ಲಿ ಉಳಿದ ನೀರು, ಒಂದು ಕಡೆ ತುಕ್ಕಿನ ಗೆರೆ ಕೆಳಗಿಳಿದಿದೆ. ಬಹಳ ಹೊತ್ತಿನ ಮೇಲೆ ಅವರು ಗೆಳತಿಯ ಕಡೆ ತಿರುಗಿ ಹೇಳಿದರು: "ಮೇಡಂ, ಮೊಳೆಯನ್ನು ತಗ್ಗಿಗೆ ಹೊಡೆದಿದ್ದಾರೆ. ಉಬ್ಬಿಗೆ ಹೊಡೆಯಬೇಕಿತ್ತು. ನೀರು ಹರಿಯುವ ಜಾಗದಲ್ಲೇ ತೂತು ಮಾಡಿದರೆ ಸೋರದೆ ಇನ್ನೇನಾಗುತ್ತದೆ? ನಾನು ಶೀಟು ಹಾಕುವವನು. ಈ ಮನೆಯೊಳಗೆ ನೀರು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಬೇಕಾದರೆ ಹೇಳುತ್ತೇನೆ."

ಗೆಳತಿ ಏಣಿಯಿಂದ ಇಳಿದು ಬಂದಳು. ಅದು ಅವಳು ಹುಟ್ಟಿ ಬೆಳೆದ ಮನೆಯ ಮಾಡು. ಮಳೆಗಾಲದ ರಾತ್ರಿಗಳಲ್ಲಿ ಅವಳ ಅಮ್ಮ ಹಾಸಿಗೆ ಸರಿಸಿ ಪಾತ್ರೆ ಇಡುತ್ತಿದ್ದ ಜಾಗ ಆ ತುಕ್ಕಿನ ಗೆರೆಯ ನೇರ ಕೆಳಗಿತ್ತು. ಅವಳು ಅದನ್ನು ನೆನಪಿನಿಂದ ಬರೆದಿದ್ದಳು, ಮೊಳೆ ತಗ್ಗಿನಲ್ಲಿದೆಯೋ ಉಬ್ಬಿನಲ್ಲಿದೆಯೋ ಎಂದು ಯೋಚಿಸಿಯೇ ಇರಲಿಲ್ಲ. ಬಾಲ್ಯವಿಡೀ ಆ ಮನೆ ಏಕೆ ಸೋರುತ್ತಿತ್ತು ಎಂಬುದು ಅವಳಿಗೆ ತಿಳಿದದ್ದು ಅಂದು ಸಂಜೆ ಏಳೂಮುಕ್ಕಾಲಿಗೆ, ಹೆಸರು ಗೊತ್ತಿಲ್ಲದ ಒಬ್ಬರ ಬಾಯಿಂದ. ಅವಳ ಚಿತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಒಳ್ಳೆಯ ವಿಮರ್ಶೆಗಳು ಬಂದಿವೆ. ಅವಳು ನೆನೆಯುವುದು ಈ ವಿಮರ್ಶೆಯನ್ನು. ಆ ವ್ಯಕ್ತಿ ಹಗಲು ಹತ್ತರಿಂದ ಆರರವರೆಗೆ ಯಾರದೋ ಮಾಡಿನ ಮೇಲೆ ಇರುತ್ತಾರೆ. ಹಗಲಿನ ಗ್ಯಾಲರಿಗೆ ಅವರು ಎಂದೂ ಬರಲಾರರು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಹಳೆಯ ಪೇಟೆಗಳಲ್ಲಿ ಜನ ವಾಸವಾಗಿದ್ದಾರೆ. ಅವರಿಗೆ ನಿದ್ದೆ ಬೇಕು. ರಾತ್ರಿ ಬದುಕಿನ ಪರವಾಗಿ ಮಾತಾಡುವವರು ಇವರನ್ನು ಗೊಣಗುವವರೆಂದು ಹಗುರಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ದಪ್ಪ ಗೋಡೆ ಮಾತಿನ ಸದ್ದನ್ನು ತಡೆದೀತು, ಡ್ರಮ್ಮಿನ ದಮ್ ದಮ್ ಎಂಬ ತಗ್ಗಿನ ಸದ್ದನ್ನು ಅಷ್ಟು ಸುಲಭವಾಗಿ ತಡೆಯದು. ಅದು ಗೋಡೆ, ತೊಲೆ, ನೆಲದ ಹಲಗೆಯನ್ನೇ ಹಿಡಿದು ಪಕ್ಕದ ಮನೆಯ ಮಂಚದವರೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2009ರಲ್ಲಿ ರಾತ್ರಿ ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ಮೀರದಿರಲಿ ಎಂದು ಸೂಚಿಸಿತು. ಅದು ಮೆಲುದನಿಯ ಮಾತಿನಷ್ಟು. ಯಾವ ಪೇಟೆಯ ರಾತ್ರಿಯೂ ಅಷ್ಟು ಮೆತ್ತಗಿರುವುದಿಲ್ಲ.

ಸಿಡ್ನಿ ಇದಕ್ಕೆ ಬೀಗದ ದಾರಿ ಹಿಡಿಯಿತು. ಕುಡಿದವರ ಹೊಡೆತಕ್ಕೆ ಹುಡುಗರು ಪ್ರಾಣ ಕಳೆದುಕೊಂಡ ಮೇಲೆ 2014ರಲ್ಲಿ ನಗರದ ನಡುಭಾಗ ಮತ್ತು ಕಿಂಗ್ಸ್ ಕ್ರಾಸ್‌ನಲ್ಲಿ ರಾತ್ರಿ ಒಂದೂವರೆಯ ನಂತರ ಬಾರು, ಕ್ಲಬ್ಬುಗಳೊಳಗೆ ಹೊಸಬರಿಗೆ ಪ್ರವೇಶವಿಲ್ಲ, ಮೂರರ ನಂತರ ಮದ್ಯವಿಲ್ಲ ಎಂಬ ಕಾನೂನು ಬಂದಿತು. ಮಕ್ಕಳನ್ನು ಕಳೆದುಕೊಂಡವರ ಸಂಕಟದ ಮುಂದೆ ನಾನು ವಾದ ಮಾಡಲಾರೆ. ಆ ಪ್ರದೇಶದಲ್ಲಿ ಹಲ್ಲೆಗಳು ಕಡಿಮೆಯಾದವು ಎಂಬುದೂ ನಿಜ. ಆದರೆ ಕುಡಿತದ ಜೊತೆಗೆ ಸಂಗೀತದ ವೇದಿಕೆಗಳೂ ಸೊರಗಿದವು. ಕೊನೆಗೆ 2020ರಲ್ಲಿ ನಡುಭಾಗದಲ್ಲೂ 2021ರಲ್ಲಿ ಕಿಂಗ್ಸ್ ಕ್ರಾಸ್‌ನಲ್ಲೂ ಆ ಕಾನೂನನ್ನು ತೆಗೆದರು.

ಆ್ಯಮ್‌ಸ್ಟರ್‌ಡ್ಯಾಂ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ "ರಾತ್ರಿ ಮೇಯರ್" ಎಂಬವರಿದ್ದಾರೆ. 2012ರಲ್ಲಿ ಆ ಸ್ಥಾನಕ್ಕೆ ಬಂದ ಮಿರಿಕ್ ಮಿಲಾನ್ ಕ್ಲಬ್ಬಿನವರು, ನಿವಾಸಿಗಳು, ನಗರಾಡಳಿತ ಮೂವರನ್ನೂ ಒಂದೇ ಮೇಜಿಗೆ ಕೂರಿಸುವುದನ್ನೇ ಕೆಲಸ ಮಾಡಿಕೊಂಡರು. ಬಾರ್‌ಗಳು ತುಂಬಿದ ರೆಂಬ್ರಾಂಟ್ ಚೌಕದಲ್ಲಿ ಜನರನ್ನು ನಯವಾಗಿ ಮಾತಾಡಿಸಿ ದಾರಿ ತೋರಿಸುವವರನ್ನು ನಿಲ್ಲಿಸಿದರು. ಆ ಚೌಕಕ್ಕೆ ಇಟ್ಟದ್ದು ಚಿತ್ರಕಾರ ರೆಂಬ್ರಾಂಟನ ಹೆಸರು, ಬೆಳಕು ಮತ್ತು ಕತ್ತಲನ್ನು ಅವನಷ್ಟು ಬಲ್ಲವರು ವಿರಳ. ಲಂಡನ್ 2016ರಲ್ಲಿ, ನ್ಯೂಯಾರ್ಕ್ ಅದರ ಬೆನ್ನಿಗೇ ಇಂಥ ಹುದ್ದೆಗಳನ್ನು ಮಾಡಿದವು. ಹಗಲಿಗೆ ಒಬ್ಬ ಮೇಯರ್ ಇದ್ದಾರೆ, ರಾತ್ರಿಗೆ ಪೊಲೀಸರು ಮಾತ್ರ ಸಾಕೇ?

ಇನ್ನೊಂದು ನಿಯಮವಿದೆ, ಬದಲಾವಣೆ ತಂದವನದೇ ಹೊಣೆ ಎಂಬುದು. ಹಳೆಯ ಸಂಗೀತದ ಜಾಗದ ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟಿದರೆ ಸದ್ದು ತಡೆಯುವ ಗೋಡೆ, ಗಾಜಿನ ಖರ್ಚು ಕಟ್ಟುವವನದು. ಮನೆಗಳ ನಡುವೆ ಹೊಸ ಕ್ಲಬ್ ತೆರೆದರೆ ಖರ್ಚು ಕ್ಲಬ್ಬಿನವನದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಇದನ್ನು ನಗರಯೋಜನೆಯ ನೀತಿಯೊಳಗೆ ತಂದವು. ನ್ಯಾಯ ಎಂದರೆ ಇದು ಅನ್ನಿಸುತ್ತದೆ ನನಗೆ. ಯಾರು ಮೊದಲು ಬಂದರು ಎಂದು ಕೇಳುತ್ತದೆ, ಯಾರ ಬಳಿ ಹಣ ಹೆಚ್ಚಿದೆ ಎಂದು ಕೇಳುವುದಿಲ್ಲ.

ಇಷ್ಟೆಲ್ಲದರ ನಡುವೆ ಗ್ಯಾಲರಿ ಮಾಡುವ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸದ್ದು ಮಾಡುವುದಿಲ್ಲ. ಅಲ್ಲಿಗೆ ಅಜ್ಜಿಯೂ ಬರಬಹುದು, ಶಾಲೆಯ ಹುಡುಗಿಯೂ ಬರಬಹುದು. ರಾತ್ರಿ ಎಂಟಕ್ಕೆ ಒಬ್ಬಳೇ ನಡೆಯುವ ಹೆಂಗಸಾಗಿ ಹೇಳುತ್ತೇನೆ, ಬೀದಿಯಲ್ಲಿ ಎಷ್ಟು ಜನರಿದ್ದಾರೆ ಎನ್ನುವುದಕ್ಕಿಂತ ಎಂಥವರೆಲ್ಲ ಇದ್ದಾರೆ ಎಂಬುದು ನನ್ನ ಹೆಜ್ಜೆಯನ್ನು ನಿಧಾನ ಮಾಡುತ್ತದೆ. ಕುಡಿಯಲು ಬಂದ ಗಂಡಸರೇ ತುಂಬಿದ ಬೀದಿಯಲ್ಲಿ ದೀಪ ಎಷ್ಟೇ ಉರಿಯಲಿ, ನಾನು ಚೀಲವನ್ನು ಎದೆಗವಚಿಕೊಂಡೇ ನಡೆಯುತ್ತೇನೆ. ಮೆಟ್ಟಿಲಿನಿಂದ ಒಂದು ಸಂಸಾರ ಮಾತಾಡಿಕೊಂಡು ಇಳಿದು ಬರುತ್ತಿದ್ದರೆ ಕೈ ತಾನಾಗಿ ಸಡಿಲವಾಗುತ್ತದೆ.

ಕುಡಿದವರು ಒಳಗೆ ನುಗ್ಗಿ ಚಿತ್ರ ಹಾಳುಮಾಡಿದರೆ ಎಂದು ಮಾಲೀಕರೊಬ್ಬರು ಕೇಳಿದರು. ಬಾಗಿಲಲ್ಲಿ ಒಬ್ಬರಿರಬೇಕು, ಅಷ್ಟೇ. ಹಗಲಲ್ಲಿಯೂ ಇರಬೇಕಾದವರೇ ಅವರು.

ಹೋದ ಶುಕ್ರವಾರದ ಸಿಟ್ಟಿನಲ್ಲೇ ನಾನು ಆ ಗ್ಯಾಲರಿಯವರ ಹತ್ತಿರ ಹೋಗಿ ಮಾತಾಡಿದೆ. ಜಗಳವಾಗಲಿಲ್ಲ. ಸಂಜೆ ಕೂರಲು ಜನರಿಲ್ಲ, ಅದೇ ತೊಂದರೆ ಎಂದರು. ಮುಂದಿನ ತಿಂಗಳ ಪ್ರದರ್ಶನವನ್ನು ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಒಂದರಿಂದ ಒಂಬತ್ತರವರೆಗೆ ಇಡಲು ಒಪ್ಪಿದ್ದಾರೆ, ಕೊನೆಯ ಮೂರು ಗಂಟೆ ಕೂರುವುದು ನನ್ನ ಜವಾಬ್ದಾರಿ. ಕಚೇರಿಯಿಂದ ನೇರ ಅಲ್ಲಿಗೇ. ಕಾವಲಿನ ಹಿರಿಯರು ಎಂದಿನಂತೆ ಆರಕ್ಕೆ ಮನೆಗೆ ಹೋಗಬಹುದು, ಬೀಗದ ಕೈಯನ್ನು ಹೇಗೆ ತಿರುಗಿಸಿದರೆ ಬೀಳುತ್ತದೆ ಎಂದು ಅವರೇ ತೋರಿಸಿಕೊಟ್ಟರು. ಎರಡು ಸಲ ಎಡಕ್ಕೆ, ಆಮೇಲೆ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ಮತ್ತೊಂದು ಸಲ. ಹಳೆಯ ಬಾಗಿಲು, ಮಳೆಗಾಲದಲ್ಲಿ ಉಬ್ಬುತ್ತದಂತೆ.

ಆ ನರ್ಸ್ ಯಾವ ಆಸ್ಪತ್ರೆಯವರೋ, ಅವರ ಮಗಳು ಯಾವ ಶಾಲೆಯವಳೋ ಗೊತ್ತಿಲ್ಲ. ಅವರು ಆ ಬೀದಿಯಲ್ಲಿ ಹಾದುಹೋಗುವವರೇ ಇರಬೇಕು. ಹಾಗಾಗಿ ಕೆಳಗೆ, ಬೀದಿಯ ಮಟ್ಟದಲ್ಲಿ, "ರಾತ್ರಿ ಒಂಬತ್ತರವರೆಗೆ ತೆರೆದಿದೆ, ಮೇಲೆ ಬನ್ನಿ" ಎಂದು ದೊಡ್ಡ ಅಕ್ಷರದಲ್ಲಿ ಫಲಕ ಬರೆಸಿದ್ದೇನೆ. ಮೆಟ್ಟಿಲಿನ ದೀಪ ಕೆಟ್ಟಿದೆ. ಭಾನುವಾರ ಅದನ್ನು ಹಾಕಿಸಬೇಕು, ಏಣಿ ಇರುವವರು ಯಾರಾದರೂ ಬಂದರೆ ಒಳ್ಳೆಯದು.